ಎಚ್‌ಐವಿ ಇರುವವರಿಗೆ ಕ್ಷಯ: ಎರಡು ವಾರ ಕಾಯುವ ಲೆಕ್ಕ ನಿಮಗಲ್ಲ

‘ಎರಡು ವಾರ ಕಳೆದರೂ ಕೆಮ್ಮು ನಿಲ್ಲದಿದ್ದರೆ ಕಫ ಪರೀಕ್ಷೆ ಮಾಡಿಸಿಕೊಳ್ಳಿ.’ ಕ್ಷಯದ ಬಗ್ಗೆ ಜನರಿಗೆ ಬಾಯಿಪಾಠವಾಗಿರುವ ಮಾತು ಬಹುಶಃ ಇದೊಂದೇ. ಉಳಿದವರಿಗೆ ಅದು ಸರಿಯಾದ ಮಾತೇ. ಎಚ್‌ಐವಿಯೊಂದಿಗೆ ಬದುಕುತ್ತಿರುವವರು ಮಾತ್ರ ಅದನ್ನು ಪಕ್ಕಕ್ಕಿಡಬೇಕು. ಅವರಲ್ಲಿ ಕ್ಷಯ ಕೆಮ್ಮಿಲ್ಲದೆಯೂ ಬರುತ್ತದೆ, ಕಫದಲ್ಲಿ ಸಿಕ್ಕಿಬೀಳದೆಯೂ ಇರುತ್ತದೆ, ಎಕ್ಸ್‌ರೇ ಚೊಕ್ಕಟವಾಗಿ ಕಂಡಾಗಲೂ ಒಳಗೆ ಹರಡುತ್ತಿರುತ್ತದೆ. ಜಗತ್ತಿನಲ್ಲಿ ಎಚ್‌ಐವಿ ಇರುವವರ ಸಾವಿಗೆ ಅತಿ ದೊಡ್ಡ ಕಾರಣ ಇಂದಿಗೂ ಕ್ಷಯ. ಅದಕ್ಕೆ ಔಷಧ ಇದೆ, ವಾಸಿಯಾಗುತ್ತದೆ, ತಡೆಯಲೂ ಬರುತ್ತದೆ. ಹಾಗಿದ್ದೂ ಜನ ಸಾಯುತ್ತಿರುವುದು ಹೆಚ್ಚಾಗಿ ತಡವಾಗಿ ಪತ್ತೆಯಾಗುವುದರಿಂದ.

ಎಚ್‌ಐವಿ ಇರುವವರು ಮತ್ತು ಅವರ ಮನೆಯವರು ಯಾವ ಹಂತದಲ್ಲಿ ಏನು ಕೇಳಬೇಕು, ಏನು ಮಾಡಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ಹೇಳಿದ್ದೇನೆ. ಔಷಧದ ಪ್ರಮಾಣಗಳನ್ನು ಬರೆದಿರುವುದು ನೀವೇ ಬದಲಿಸಿಕೊಳ್ಳಲಿ ಎಂದಲ್ಲ. ನಿಮಗೆ ಬರೆದುಕೊಟ್ಟಿರುವುದು ಏಕೆ ಹಾಗಿದೆ ಎಂದು ವೈದ್ಯರನ್ನು ಕೇಳಲು ಅನುಕೂಲವಾಗಲಿ ಎಂದು.

ಮೊದಲು ಇಷ್ಟು ತಿಳಿದಿರಲಿ

1882ರ ಮಾರ್ಚ್ 24ರಂದು ರಾಬರ್ಟ್ ಕಾಕ್ ಕ್ಷಯದ ಬ್ಯಾಕ್ಟೀರಿಯಾವನ್ನು ಪತ್ತೆಹಚ್ಚಿದ ಸಂಗತಿಯನ್ನು ಬರ್ಲಿನ್‌ನಲ್ಲಿ ಪ್ರಕಟಿಸಿದ. ಈ ಬ್ಯಾಕ್ಟೀರಿಯಾ ದೇಹ ಹೊಕ್ಕ ಎಲ್ಲರಿಗೂ ಕಾಯಿಲೆ ಬರುವುದಿಲ್ಲ. ವಿಶ್ವದ ಜನಸಂಖ್ಯೆಯ ಸುಮಾರು ಕಾಲು ಭಾಗದಷ್ಟು ಜನರಿಗೆ ಸೋಂಕು ತಗುಲಿದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಜೀವಮಾನದಲ್ಲಿ ಕಾಯಿಲೆ ಬೀಳುವವರು ಶೇ 5ರಿಂದ 10ರಷ್ಟು ಮಾತ್ರ. ಉಳಿದವರಲ್ಲಿ ರೋಗನಿರೋಧಕ ಕಣಗಳು ಬ್ಯಾಕ್ಟೀರಿಯಾವನ್ನು ಸುತ್ತುವರಿದು ಅಡಗಿಸಿಡುತ್ತವೆ. ಬೂದಿ ಮುಚ್ಚಿದ ಕೆಂಡದ ಹಾಗೆ ಅದು ವರ್ಷಗಟ್ಟಲೆ ಸುಮ್ಮನಿರಬಹುದು.

ಆ ಕಾವಲು ಕೆಲಸದಲ್ಲಿ ಮುಂದಾಳು ಸಿಡಿ4 ಎಂಬ ಬಿಳಿ ರಕ್ತಕಣಗಳು. ಎಚ್‌ಐವಿ ನಾಶ ಮಾಡುವುದು ಅವನ್ನೇ. ಹೀಗಾಗಿ ಎಚ್‌ಐವಿ ಇರುವವರಿಗೆ ಕ್ಷಯ ಬರುವ ಸಂಭವ ಇಲ್ಲದವರಿಗಿಂತ ಸುಮಾರು 16 ಪಟ್ಟು ಹೆಚ್ಚು. ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆಗಳನ್ನು ಸರಿಯಾಗಿ ತೆಗೆದುಕೊಂಡರೆ ಈ ಅಪಾಯ ಮೂರನೇ ಎರಡು ಭಾಗದಷ್ಟು ತಗ್ಗುತ್ತದೆ, ಆದರೆ ಪೂರ್ತಿ ಇಲ್ಲವಾಗುವುದಿಲ್ಲ. ‘ನನ್ನ ಸಿಡಿ4 ಎಣಿಕೆ ಚೆನ್ನಾಗಿದೆ, ನನಗೇಕೆ ಕ್ಷಯ?’ ಎಂದು ನಿಶ್ಚಿಂತರಾಗುವ ಹಾಗಿಲ್ಲ. ಎಣಿಕೆ ಕುಸಿಯುವ ಮೊದಲೇ ಅಪಾಯ ಶುರುವಾಗಿರುತ್ತದೆ. ಎಣಿಕೆ (ಒಂದು ಘನ ಮಿಲಿಮೀಟರ್ ರಕ್ತದಲ್ಲಿರುವ ಸಿಡಿ4 ಕಣಗಳ ಸಂಖ್ಯೆ) 200ಕ್ಕಿಂತ ಕೆಳಗಿಳಿದರೆ ಅಪಾಯ ಬಹಳ ಹೆಚ್ಚುತ್ತದೆ, ಕಾಯಿಲೆಯ ಸ್ವರೂಪವೂ ಬದಲಾಗುತ್ತದೆ.

ಹೆಜ್ಜೆ 1: ಪ್ರತಿ ಭೇಟಿಯಲ್ಲೂ ನಾಲ್ಕು ಪ್ರಶ್ನೆ

ಈಗ ಕೆಮ್ಮು ಇದೆಯೇ? ಜ್ವರ ಇದೆಯೇ? ತೂಕ ಇಳಿದಿದೆಯೇ? ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರುತ್ತೀರಾ?

ಆಸ್ಪತ್ರೆಗೆ ಹೋದಾಗಲೆಲ್ಲ ಈ ನಾಲ್ಕನ್ನೂ ಕೇಳಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಮೊದಲ ಪ್ರಶ್ನೆಯಲ್ಲಿ ದಿನಗಳ ಲೆಕ್ಕವೇ ಇಲ್ಲ ಎಂಬುದನ್ನು ಗಮನಿಸಿ. ನಿನ್ನೆ ಶುರುವಾದ ಕೆಮ್ಮೂ ಕೆಮ್ಮೇ. ನಾಲ್ಕರಲ್ಲಿ ಒಂದಕ್ಕೆ ‘ಹೌದು’ ಎಂದರೂ ಪರೀಕ್ಷೆ ಆಗಬೇಕು. ನಾಲ್ಕಕ್ಕೂ ‘ಇಲ್ಲ’ ಎಂದರೆ ಸಕ್ರಿಯ ಕ್ಷಯ ಇರುವ ಸಾಧ್ಯತೆ ತೀರಾ ಕಡಿಮೆ. ಎಆರ್‌ಟಿ ತೆಗೆದುಕೊಳ್ಳುತ್ತಿರುವವರಲ್ಲಿ ಈ ಪ್ರಶ್ನೆಗಳ ಜರಡಿಯಿಂದ ಕೆಲವು ಪ್ರಕರಣಗಳು ಜಾರಿಹೋಗುವುದರಿಂದ, ಸೌಲಭ್ಯವಿರುವಲ್ಲಿ ಎದೆಯ ಎಕ್ಸ್‌ರೇಯನ್ನೂ ಉರಿಯೂತವನ್ನು ಸೂಚಿಸುವ, ರಕ್ತದಲ್ಲಿನ ಸಿ-ರಿಯಾಕ್ಟಿವ್ ಪ್ರೊಟೀನ್ ಪರೀಕ್ಷೆಯನ್ನೂ ಸೇರಿಸುತ್ತಾರೆ.

ಜನದಟ್ಟಣೆಯಿರುವ ಆಸ್ಪತ್ರೆಯಲ್ಲಿ ಈ ಪ್ರಶ್ನೆಗಳನ್ನು ಯಾರೂ ಕೇಳದೆ ಮಾತ್ರೆ ಕೊಟ್ಟು ಕಳಿಸುವುದುಂಟು. ಆಗ ನೀವೇ ಹೇಳಿಬಿಡಿ. ಕಾಯುತ್ತ ಕುಳಿತರೆ ಪ್ರಶ್ನೆ ಬರದೇ ಹೋಗಬಹುದು. ಮನೆಯಲ್ಲಿ ತಿಂಗಳಿಗೊಮ್ಮೆ ತೂಕ ನೋಡಿ ಬರೆದಿಡುವ ಅಭ್ಯಾಸ ಒಳ್ಳೆಯದು. ಮೆಲ್ಲಗೆ ಇಳಿಯುವ ತೂಕ ಕನ್ನಡಿಯಲ್ಲಿ ಕಾಣುವುದಿಲ್ಲ, ಸಡಿಲವಾದ ಬಟ್ಟೆ ಹೇಳುವ ಹೊತ್ತಿಗೆ ತಡವಾಗಿರುತ್ತದೆ.

ಮಕ್ಕಳಿಗೆ ಪ್ರಶ್ನೆಗಳು ಸ್ವಲ್ಪ ಬೇರೆ: ತೂಕ ಏರುತ್ತಿಲ್ಲವೇ, ಜ್ವರವಿದೆಯೇ, ಕೆಮ್ಮಿದೆಯೇ, ಕ್ಷಯ ಇರುವವರ ಜೊತೆ ಒಡನಾಟವಿತ್ತೇ?

ಕ್ಷಯ ಶ್ವಾಸಕೋಶಕ್ಕೆ ಮೀಸಲಾದ ಕಾಯಿಲೆಯಲ್ಲ. ಸಿಡಿ4 ಎಣಿಕೆ ಕಡಿಮೆಯಾದಷ್ಟೂ ಅದು ಬೇರೆಡೆ ಕಾಣಿಸಿಕೊಳ್ಳುವುದು ಹೆಚ್ಚು. ಕುತ್ತಿಗೆ ಅಥವಾ ಕಂಕುಳಲ್ಲಿ ನೋವಿಲ್ಲದ ಗಂಟುಗಳು, ಎದೆಯಲ್ಲಿ ನೀರು ತುಂಬಿ ಏದುಸಿರು, ಹೊಟ್ಟೆಯುಬ್ಬರ, ಬೆನ್ನುಮೂಳೆಯ ಒಂದೇ ಜಾಗದಲ್ಲಿ ಬಿಡದ ನೋವು. ಇವೆಲ್ಲ ಕ್ಷಯದ ಮುಖಗಳಾಗಿರಬಹುದು. ದಿನದಿಂದ ದಿನಕ್ಕೆ ಏರುವ ತಲೆನೋವು, ವಾಂತಿ, ಮಂಕು, ಮಾತಿನಲ್ಲಿ ಗೊಂದಲ, ಕುತ್ತಿಗೆ ಬಿಗಿತ ಕಂಡರೆ ನಾಳೆಯವರೆಗೆ ಕಾಯದೆ ಅಂದೇ ಆಸ್ಪತ್ರೆ ಸೇರಬೇಕು. ಮಿದುಳಿನ ಪೊರೆಗೆ ತಗುಲುವ ಕ್ಷಯದಲ್ಲಿ ಒಂದೊಂದು ದಿನವೂ ಬೆಲೆಯುಳ್ಳದ್ದು. ಎಚ್‌ಐವಿ ಇರುವವರಲ್ಲಿ ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರವೂ ಇದೇ ಲಕ್ಷಣಗಳನ್ನು ತರುವುದರಿಂದ ಎರಡನ್ನೂ ಒಟ್ಟಿಗೇ ಹುಡುಕಬೇಕಾಗುತ್ತದೆ.

ಹೆಜ್ಜೆ 2: ಸರಿಯಾದ ಪರೀಕ್ಷೆಯನ್ನೇ ಕೇಳಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಹೆಚ್ಚು ಜನ ಎಡವುವುದು ಇಲ್ಲಿಯೇ.

ಕಫವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಹಳೆಯ ಪರೀಕ್ಷೆ ಇದೆಯಲ್ಲ, ಅದರಲ್ಲಿ ಬ್ಯಾಕ್ಟೀರಿಯಾ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ಇರಬೇಕು. ಶ್ವಾಸಕೋಶದಲ್ಲಿ ಕುಳಿ ಬಿದ್ದು, ಅದು ವಾಯುನಾಳಕ್ಕೆ ತೆರೆದುಕೊಂಡಾಗ ಇಷ್ಟೊಂದು ಬ್ಯಾಕ್ಟೀರಿಯಾ ಹೊರಬರುತ್ತವೆ. ಆದರೆ ಆ ಕುಳಿಯನ್ನು ಮಾಡುವುದು ನಮ್ಮದೇ ರೋಗನಿರೋಧಕ ಶಕ್ತಿಯ ಆರ್ಭಟ. ಅದು ಕುಗ್ಗಿರುವವರಲ್ಲಿ ಕುಳಿ ಬೀಳುವುದು ಕಡಿಮೆ, ಕಫದಲ್ಲಿ ಬ್ಯಾಕ್ಟೀರಿಯಾವೂ ಕಡಿಮೆ, ಎಕ್ಸ್‌ರೇಯಲ್ಲಿ ಗುರುತೂ ಅಸ್ಪಷ್ಟ. ಕಾಯಿಲೆ ಹೆಚ್ಚಾದಷ್ಟೂ ಹಳೆಯ ಪರೀಕ್ಷೆಯ ಕಣ್ಣಿಗೆ ಬೀಳುವುದು ಕಡಿಮೆಯಾಗುವ ವಿಪರ್ಯಾಸ ಇದು. ಹಾಗಾಗಿ ‘ಕಫದಲ್ಲಿ ಏನೂ ಇಲ್ಲ’ ಎಂಬ ಚೀಟಿ ಹಿಡಿದು ಸಮಾಧಾನದಿಂದ ಮನೆಗೆ ಹೋಗಬೇಡಿ. ಯಾವ ವಿಧಾನದಲ್ಲಿ ನೋಡಿದರು ಎಂದು ಕೇಳಿ.

ಮೊದಲ ಪರೀಕ್ಷೆಯಾಗಿ ಆಗಬೇಕಾದದ್ದು ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ಹುಡುಕುವ ತ್ವರಿತ ಪರೀಕ್ಷೆ. ಜೀನ್‌ಎಕ್ಸ್‌ಪರ್ಟ್ ಯಂತ್ರದಲ್ಲಿ ಮಾಡುವ ಈ ಬಗೆಯ ಪರೀಕ್ಷೆಗೆ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಮಾನ್ಯತೆ ಕೊಟ್ಟಿತು. ಇದೇ ಬಗೆಯ ಇನ್ನೊಂದು ಪರೀಕ್ಷೆಯಾದ ಟ್ರೂನ್ಯಾಟ್ ನಂತರ ಬಂದದ್ದು. ಬ್ಯಾಕ್ಟೀರಿಯಾ ಬಹಳ ಕಡಿಮೆ ಇದ್ದರೂ ಇವು ಗುರುತಿಸುತ್ತವೆ. ಜೀನ್‌ಎಕ್ಸ್‌ಪರ್ಟ್‌ನಲ್ಲಿ ಫಲಿತಾಂಶಕ್ಕೆ ಯಂತ್ರ ತೆಗೆದುಕೊಳ್ಳುವುದು ಎರಡು ಗಂಟೆಯೊಳಗಿನ ಸಮಯ, ರಿಫಾಂಪಿಸಿನ್ ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗುತ್ತದೆಯೋ ಇಲ್ಲವೋ ಎಂಬುದೂ ಜೊತೆಗೇ ತಿಳಿಯುತ್ತದೆ. ಇದರ ಹೊಸ ಆವೃತ್ತಿಯಾದ ಅಲ್ಟ್ರಾದಲ್ಲಿ ಕೆಲವೊಮ್ಮೆ ‘ಟ್ರೇಸ್’ ಎಂಬ ಫಲಿತಾಂಶ ಬರುತ್ತದೆ. ಅಂದರೆ ಅತ್ಯಲ್ಪ ಕುರುಹು ಸಿಕ್ಕಿದೆ. ಬೇರೆಯವರಲ್ಲಿ ಅದನ್ನು ಮತ್ತೊಮ್ಮೆ ನೋಡೋಣ ಎಂದಾರು. ಎಚ್‌ಐವಿ ಇರುವವರಲ್ಲಿ ಅದನ್ನು ಕ್ಷಯ ಇದೆ ಎಂದೇ ಪರಿಗಣಿಸುತ್ತಾರೆ.

ಕಫ ಕೊಡುವ ರೀತಿಯೂ ಮುಖ್ಯ. ಬೆಳಿಗ್ಗೆ ಎದ್ದೊಡನೆ, ಬರಿ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಎರಡು ಮೂರು ಬಾರಿ ದೀರ್ಘವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ತೆಗೆಯಬೇಕು. ಎಂಜಲು ಕೊಟ್ಟರೆ ಪ್ರಯೋಜನವಿಲ್ಲ. ಇದನ್ನು ಮನೆಯ ಹೊರಗೆ, ಗಾಳಿಯಾಡುವ ಜಾಗದಲ್ಲಿ, ಹತ್ತಿರ ಯಾರೂ ಇಲ್ಲದಾಗ ಮಾಡಿ. ಕಫವೇ ಬರದವರಿಗೆ ಉಪ್ಪುನೀರಿನ ಹಬೆ ಕೊಟ್ಟು ತರಿಸುತ್ತಾರೆ. ಚಿಕ್ಕ ಮಕ್ಕಳಲ್ಲಿ ಮಲವನ್ನೇ ಇದೇ ಯಂತ್ರದಲ್ಲಿ ಪರೀಕ್ಷಿಸಬಹುದು. ಗಂಟು ಇದ್ದರೆ ಸೂಜಿಯಿಂದ ದ್ರವ ತೆಗೆದು, ಮಿದುಳಿನ ಪೊರೆಯ ಸಂಶಯವಿದ್ದರೆ ಬೆನ್ನಿನಿಂದ ದ್ರವ ತೆಗೆದು ನೋಡುತ್ತಾರೆ.

ಇನ್ನೊಂದು ಪರೀಕ್ಷೆಯ ಬಗ್ಗೆ ಆಗಬೇಕಾದಷ್ಟು ಪ್ರಚಾರ ಆಗಿಲ್ಲ: ಮೂತ್ರದ ಲ್ಯಾಮ್ ಪರೀಕ್ಷೆ. ಕ್ಷಯ ಬ್ಯಾಕ್ಟೀರಿಯಾದ ಹೊರಗೋಡೆಯ ಒಂದು ಅಂಶ ಮೂತ್ರದಲ್ಲಿ ಇದೆಯೇ ಎಂದು ಒಂದು ಪಟ್ಟಿಯ ಮೇಲೆ ಹನಿಗಳನ್ನು ಹಾಕಿ ನೋಡುತ್ತಾರೆ. 25 ನಿಮಿಷದಲ್ಲಿ ಉತ್ತರ. ಉಳಿದ ಪರೀಕ್ಷೆಗಳಿಗೆ ವಿರುದ್ಧವಾಗಿ ಇದು ಸಿಡಿ4 ಎಣಿಕೆ ಕಡಿಮೆ ಇರುವವರಲ್ಲೇ ಚೆನ್ನಾಗಿ ಕೆಲಸ ಮಾಡುತ್ತದೆ. ಎಚ್‌ಐವಿ ಇರುವವರು ಆಸ್ಪತ್ರೆಗೆ ದಾಖಲಾಗಿ ಕ್ಷಯದ ಲಕ್ಷಣಗಳಿದ್ದರೆ, ತೀವ್ರವಾಗಿ ಅಸ್ವಸ್ಥರಾಗಿದ್ದರೆ ಅಥವಾ ಸಿಡಿ4 ಎಣಿಕೆ 200ಕ್ಕಿಂತ ಕಡಿಮೆ ಇದ್ದರೆ ಇದನ್ನು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊರರೋಗಿಗಳಲ್ಲಿ ಲಕ್ಷಣಗಳಿಲ್ಲದಿದ್ದರೂ ಎಣಿಕೆ 100ಕ್ಕಿಂತ ಕಡಿಮೆ ಇದ್ದರೆ ಮಾಡಬಹುದು. ನಡೆಯಲಾರದಷ್ಟು ಸೋತು ಮಲಗಿದವರಿಂದ ಕಫ ತರಿಸುವುದು ಕಷ್ಟ, ಮೂತ್ರ ಸುಲಭವಾಗಿ ಸಿಗುತ್ತದೆ. ಆದರೆ ಲ್ಯಾಮ್‌ನಲ್ಲಿ ‘ಇಲ್ಲ’ ಎಂದು ಬಂದ ಮಾತ್ರಕ್ಕೆ ಕ್ಷಯ ಇಲ್ಲ ಎಂದಾಗದು. ಡಿಎನ್‌ಎ ಪರೀಕ್ಷೆಗೆ ಇದು ಬದಲಿಯೂ ಅಲ್ಲ, ಜೊತೆಗಾರ.

ಎಲ್ಲ ಪರೀಕ್ಷೆಗಳಲ್ಲೂ ಏನೂ ಸಿಗದೆ, ರೋಗಿಯ ಸ್ಥಿತಿ ಮಾತ್ರ ಕೆಡುತ್ತಿದ್ದರೆ, ಅನುಭವಿ ವೈದ್ಯರು ಲಕ್ಷಣಗಳ ಆಧಾರದ ಮೇಲೆಯೇ ಚಿಕಿತ್ಸೆ ಶುರು ಮಾಡುವುದುಂಟು. ‘ಸಾಕ್ಷಿ ಇಲ್ಲದೆ ಔಷಧ ಕೊಟ್ಟರು’ ಎಂದು ಬೇಸರಪಡಬೇಡಿ. ಇಂಥ ಸಂದರ್ಭದಲ್ಲಿ ಸಾಕ್ಷಿಗಾಗಿ ಕಾಯುವುದು ಹೆಚ್ಚು ಅಪಾಯಕಾರಿ.

ತಿರುಗಿಸಿ ನೋಡಿದರೂ ಇದೇ ನಿಯಮ: ಕ್ಷಯ ಪತ್ತೆಯಾದ ಪ್ರತಿಯೊಬ್ಬರಿಗೂ ಎಚ್‌ಐವಿ ಪರೀಕ್ಷೆ ಆಗಬೇಕು.

ಹೆಜ್ಜೆ 3: ಕ್ಷಯ ಇಲ್ಲವೆಂದಾದರೆ ತಡೆಗಟ್ಟುವ ಮಾತ್ರೆ

ನಾಲ್ಕೂ ಪ್ರಶ್ನೆಗಳಿಗೆ ‘ಇಲ್ಲ’ ಎಂದವರು ಅಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತಾರೆ. ಮುಗಿಯುವುದಿಲ್ಲ. ಒಳಗೆ ಅಡಗಿರಬಹುದಾದ ಸೋಂಕು ಕಾಯಿಲೆಯಾಗದಂತೆ ತಡೆಯುವ ಔಷಧ ನಿಮಗೆ ಸಿಗಬೇಕು. ಎಚ್‌ಐವಿ ಇರುವವರಿಗೆ ಇದನ್ನು ಕೊಡಲು ಸೋಂಕು ಇದೆಯೇ ಎಂದು ನೋಡುವ ಚರ್ಮದ ಪರೀಕ್ಷೆಯಾಗಲಿ ರಕ್ತ ಪರೀಕ್ಷೆಯಾಗಲಿ ಕಡ್ಡಾಯವಲ್ಲ.

ಆಯ್ಕೆಗಳು ಹಲವು. ಐಸೋನಿಯಜಿಡ್ ದಿನಕ್ಕೊಂದರಂತೆ ಆರು ತಿಂಗಳು. ಐಸೋನಿಯಜಿಡ್ ಮತ್ತು ರಿಫಾಪೆಂಟಿನ್ ವಾರಕ್ಕೊಮ್ಮೆಯಂತೆ ಮೂರು ತಿಂಗಳು, ಅಂದರೆ ಒಟ್ಟು 12 ಸಲ. ಇವೇ ಎರಡು ಪ್ರತಿದಿನ 28 ದಿನ. ಐಸೋನಿಯಜಿಡ್ ಮತ್ತು ರಿಫಾಂಪಿಸಿನ್ ದಿನವೂ ಮೂರು ತಿಂಗಳು. ಯಾವುದು ಎಂಬುದು ನೀವು ತೆಗೆದುಕೊಳ್ಳುತ್ತಿರುವ ಎಆರ್‌ಟಿಯ ಮೇಲೆ ನಿಲ್ಲುತ್ತದೆ. ಡೊಲುಟೆಗ್ರಾವಿರ್ ಎಂಬ ಎಚ್‌ಐವಿ ಔಷಧದಲ್ಲಿರುವ ವಯಸ್ಕರು ವಾರಕ್ಕೊಮ್ಮೆಯ ಕ್ರಮವನ್ನು ಪ್ರಮಾಣ ಬದಲಿಸದೆಯೇ ಪಾಲಿಸಬಹುದು. ಲೋಪಿನಾವಿರ್, ಅಟಜನಾವಿರ್‌ನಂಥ ಪ್ರೋಟಿಯೇಸ್ ತಡೆ ಔಷಧದಲ್ಲಿರುವವರಿಗೆ ರಿಫಾಪೆಂಟಿನ್ ಆಗದು, ಅವರಿಗೆ ಐಸೋನಿಯಜಿಡ್ ಸರಿ. ಗರ್ಭಿಣಿಯರಿಗೂ ರಿಫಾಪೆಂಟಿನ್ ಇರುವ ಕ್ರಮಗಳನ್ನು ಸೂಚಿಸುವುದಿಲ್ಲ.

ಐವರಿ ಕೋಸ್ಟ್‌ನಲ್ಲಿ ನಡೆದ ಟೆಂಪ್ರಾನೊ ಎಂಬ ದೊಡ್ಡ ಅಧ್ಯಯನದಲ್ಲಿ, ಆರು ತಿಂಗಳು ಐಸೋನಿಯಜಿಡ್ ತೆಗೆದುಕೊಂಡವರಲ್ಲಿ ವರ್ಷಗಳ ನಂತರವೂ ಸಾವು ಶೇ 37ರಷ್ಟು ಕಡಿಮೆ ಇತ್ತು. ಬೇಗ ಎಆರ್‌ಟಿ ಶುರು ಮಾಡಿದ್ದರ ಲಾಭಕ್ಕಿಂತ ಇದು ಬೇರೆ. ಇಷ್ಟು ಅಗ್ಗದ, ಇಷ್ಟು ಹಳೆಯ ಮಾತ್ರೆ ಇಷ್ಟು ಕೆಲಸ ಮಾಡುತ್ತದೆ ಎಂದಮೇಲೂ ಅದನ್ನು ಬರೆಯಲು ಹಿಂಜರಿಯುವ ವೈದ್ಯರಿದ್ದಾರೆ. ಬ್ಯಾಕ್ಟೀರಿಯಾ ಔಷಧಕ್ಕೆ ಒಗ್ಗಿಕೊಂಡೀತು ಎಂಬುದು ಅವರ ಅಂಜಿಕೆ. ಸಕ್ರಿಯ ಕ್ಷಯ ಇಲ್ಲವೆಂದು ಖಚಿತಪಡಿಸಿಕೊಂಡು ಕೊಟ್ಟರೆ ಆ ಅಂಜಿಕೆಗೆ ಆಧಾರವಿಲ್ಲ. ಲಕ್ಷಣಗಳಿದ್ದೂ ಪರೀಕ್ಷೆಯಿಲ್ಲದೆ ಕೊಡುವುದು ಮಾತ್ರ ತಪ್ಪು. ಯಕೃತ್ತಿನ ತೊಂದರೆ, ವಿಪರೀತ ಕುಡಿತ, ಕೈಕಾಲು ಜೋಮು ಇರುವವರು ಅದನ್ನು ಮುಚ್ಚಿಡದೆ ಮೊದಲೇ ಹೇಳಬೇಕು.

ಹೆಜ್ಜೆ 4: ಕ್ಷಯ ಇದೆಯೆಂದಾದರೆ, ಎಲ್ಲ ಔಷಧಗಳೂ ಒಂದೇ ಹಾಳೆಯಲ್ಲಿ

ಔಷಧಕ್ಕೆ ಬಗ್ಗುವ ಕ್ಷಯಕ್ಕೆ ಸಾಮಾನ್ಯ ಚಿಕಿತ್ಸೆ ಆರು ತಿಂಗಳು. ಮೊದಲ ಎರಡು ತಿಂಗಳು ಐಸೋನಿಯಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬ್ಯುಟಾಲ್ ಎಂಬ ನಾಲ್ಕು. ಮುಂದಿನ ನಾಲ್ಕು ತಿಂಗಳು ಮೊದಲಿನ ಎರಡು. ಎಚ್‌ಐವಿ ಇರುವವರಿಗೂ ಇದೇ ಚಿಕಿತ್ಸೆ. ಮಿದುಳಿನ ಪೊರೆಗೆ, ಮೂಳೆಗೆ ತಗುಲಿದ್ದರೆ ಅವಧಿ ಹೆಚ್ಚು. ಪ್ರತಿದಿನವೂ ತೆಗೆದುಕೊಳ್ಳಬೇಕು. ವಾರಕ್ಕೆ ಮೂರು ದಿನದ ಹಳೆಯ ಪದ್ಧತಿಯಲ್ಲಿ ಕಾಯಿಲೆ ಮರುಕಳಿಸುವುದೂ ಔಷಧ ನಿರೋಧ ಬೆಳೆಯುವುದೂ ಹೆಚ್ಚು. ಮಾತ್ರೆಗಳ ಸಂಖ್ಯೆ ತೂಕದ ಮೇಲೆ ನಿರ್ಧಾರವಾಗುತ್ತದೆ. ತೂಕ ಏರಿದಂತೆ ಅದೂ ಬದಲಾಗಬೇಕು.

ರಿಫಾಂಪಿಸಿನ್ ಇಲ್ಲದೆ ಕ್ಷಯದ ಚಿಕಿತ್ಸೆ ಬಡವಾಗುತ್ತದೆ. ಅದರೊಂದು ಗುಣ ಮಾತ್ರ ತಲೆನೋವಿನದು. ಅದು ಯಕೃತ್ತನ್ನು ಚುರುಕುಗೊಳಿಸಿ, ಬೇರೆ ಅನೇಕ ಔಷಧಗಳನ್ನು ದೇಹದಿಂದ ಬೇಗ ಹೊರಹಾಕಿಸುತ್ತದೆ. ಹೀಗೆ ಹೊರಹೋಗುವವುಗಳಲ್ಲಿ ಎಚ್‌ಐವಿ ಔಷಧಗಳೂ ಇವೆ. ಕ್ಷಯದ ವೈದ್ಯರು ಒಬ್ಬರು, ಎಆರ್‌ಟಿ ವೈದ್ಯರು ಇನ್ನೊಬ್ಬರು, ಇಬ್ಬರ ಚೀಟಿಗಳೂ ಒಂದನ್ನೊಂದು ನೋಡಿರುವುದಿಲ್ಲ. ಎರಡು ಚಿಕಿತ್ಸೆಗಳನ್ನು ಬೇರೆ ಬೇರೆ ಎಂದುಕೊಂಡಲ್ಲಿಂದಲೇ ತೊಂದರೆ ಶುರು. ಆದ್ದರಿಂದ ನೀವು ತೆಗೆದುಕೊಳ್ಳುವ ಪ್ರತಿಯೊಂದನ್ನೂ, ಅಂಗಡಿಯಿಂದ ತಂದ ಆಮ್ಲನಿವಾರಕ ಮತ್ತು ಬೇರಿನ ಕಷಾಯವನ್ನೂ ಸೇರಿಸಿ, ಒಂದೇ ಹಾಳೆಯಲ್ಲಿ ಬರೆದು ಇಬ್ಬರಿಗೂ ತೋರಿಸಿ. ಮುಖ್ಯವಾಗಿ ಇವನ್ನು ಕೇಳಿ:

ಡೊಲುಟೆಗ್ರಾವಿರ್ ತೆಗೆದುಕೊಳ್ಳುತ್ತಿದ್ದೀರಾ? ರಿಫಾಂಪಿಸಿನ್ ಜೊತೆಗಿರುವಷ್ಟು ಕಾಲ ಅದು 50 ಮಿಲಿಗ್ರಾಂ ದಿನಕ್ಕೆ ಎರಡು ಬಾರಿ ಬೇಕಾಗುತ್ತದೆ. ಮೂರು ಔಷಧ ಒಂದರಲ್ಲೇ ಇರುವ ಮಾತ್ರೆ ನಿಮ್ಮದಾದರೆ, ಹನ್ನೆರಡು ಗಂಟೆಯ ನಂತರ ಡೊಲುಟೆಗ್ರಾವಿರ್ ಮಾತ್ರ ಇರುವ ಇನ್ನೊಂದು ಮಾತ್ರೆ ಸೇರಿಸುತ್ತಾರೆ. ರಿಫಾಂಪಿಸಿನ್ ನಿಂತ ಮೇಲೂ ಎರಡು ವಾರ ಹೀಗೇ ಮುಂದುವರಿಸಬೇಕು, ಏಕೆಂದರೆ ಯಕೃತ್ತು ಕೂಡಲೇ ಹಳೆಯ ವೇಗಕ್ಕೆ ಮರಳುವುದಿಲ್ಲ. ಎರಡನೇ ಮಾತ್ರೆ ಬರೆಯಲು ಮರೆತಿದ್ದರೆ ನೆನಪಿಸಲು ಸಂಕೋಚಪಡಬೇಡಿ.

ಎಫಾವಿರೆಂಜ್ ಎಂಬ ಎಚ್‌ಐವಿ ಔಷಧ 600 ಮಿಲಿಗ್ರಾಂ ಬದಲಾವಣೆಯಿಲ್ಲದೆ ನಡೆಯುತ್ತದೆ. ಪ್ರೋಟಿಯೇಸ್ ತಡೆ ಔಷಧವಿದ್ದರೆ ರಿಫಾಂಪಿಸಿನ್ ಬದಲು ರಿಫಾಬ್ಯುಟಿನ್ ಕೊಡುವುದು ರೂಢಿ. ಬಿಕ್ಟೆಗ್ರಾವಿರ್ ಎಂಬ ಎಚ್‌ಐವಿ ಔಷಧದಲ್ಲಿರುವವರು ಎಆರ್‌ಟಿಯನ್ನೇ ಬದಲಿಸಿಕೊಳ್ಳಬೇಕಾಗುತ್ತದೆ.

ಆಮ್ಲನಿವಾರಕ ತೆಗೆದುಕೊಳ್ಳುವುದಾದರೆ ಡೊಲುಟೆಗ್ರಾವಿರ್ ಅದಕ್ಕಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ಇರಲಿ. ಗರ್ಭನಿರೋಧಕ ಮಾತ್ರೆ ಮತ್ತು ತೋಳಿನಲ್ಲಿ ಇರಿಸುವ ಕಡ್ಡಿಯ ಪರಿಣಾಮವನ್ನು ರಿಫಾಂಪಿಸಿನ್ ತಗ್ಗಿಸುತ್ತದೆ, ಗರ್ಭಕೋಶದಲ್ಲಿ ಇರಿಸುವ ತಾಮ್ರದ ವಂಕಿಗೆ ಆ ತೊಂದರೆಯಿಲ್ಲ. ರಕ್ತ ತೆಳುಮಾಡುವ ವಾರ್ಫರಿನ್, ಮಧುಮೇಹದ ಕೆಲವು ಮಾತ್ರೆಗಳು, ಸ್ಟೀರಾಯ್ಡ್, ಮೆಥಡೋನ್ ಇದ್ದರೂ ಪ್ರಮಾಣ ಸರಿಹೊಂದಿಸಬೇಕು.

ಬ್ಯಾಕ್ಟೀರಿಯಾ ರಿಫಾಂಪಿಸಿನ್‌ಗೆ ಬಗ್ಗದಿದ್ದರೆ ದಾರಿ ಬೇರೆ. ಮೊದಲು ಒಂದೂವರೆ ವರ್ಷ, ಎರಡು ವರ್ಷ ಎಳೆಯುತ್ತಿದ್ದ ಚಿಕಿತ್ಸೆಯ ಜಾಗದಲ್ಲಿ ಬೆಡಾಕ್ವಿಲಿನ್, ಪ್ರೆಟೊಮನಿಡ್, ಲೈನಜೊಲಿಡ್, ಮಾಕ್ಸಿಫ್ಲಾಕ್ಸಸಿನ್ ಇರುವ ಆರು ತಿಂಗಳ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿತು. ಎಚ್‌ಐವಿ ಇರುವವರಿಗೂ ಅದು ಅನ್ವಯ. ಎಫಾವಿರೆಂಜ್ ಬೆಡಾಕ್ವಿಲಿನ್ನನ್ನು ಕುಗ್ಗಿಸುವುದರಿಂದ ಅವೆರಡು ಜೊತೆಗಿರಬಾರದು.

ಹೆಜ್ಜೆ 5: ಎಆರ್‌ಟಿ ಯಾವಾಗ?

ಈಗಾಗಲೇ ಎಆರ್‌ಟಿಯಲ್ಲಿರುವವರು ನಿಲ್ಲಿಸಬಾರದು. ಎರಡೂ ಕಾಯಿಲೆ ಒಟ್ಟಿಗೆ ಪತ್ತೆಯಾದವರು ಕ್ಷಯದ ಔಷಧ ಮೊದಲು ಶುರು ಮಾಡಿ, ಸಿಡಿ4 ಎಣಿಕೆ ಎಷ್ಟೇ ಇದ್ದರೂ ಎರಡು ವಾರದೊಳಗೆ ಎಆರ್‌ಟಿ ಸೇರಿಸಬೇಕು. ಕಾಂಬೋಡಿಯಾದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎಂಟು ವಾರ ಕಾದವರಿಗಿಂತ ಎರಡು ವಾರಕ್ಕೇ ಎಆರ್‌ಟಿ ಶುರು ಮಾಡಿದವರಲ್ಲಿ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗಿತ್ತು.

ಮಿದುಳಿನ ಪೊರೆಯ ಕ್ಷಯ ಇದಕ್ಕೆ ಅಪವಾದ. ಅಲ್ಲಿ ಅವಸರಪಟ್ಟರೆ ತಲೆಬುರುಡೆಯೊಳಗೆ ಉರಿಯೂತ ಹೆಚ್ಚಿ ಅಪಾಯವಾಗಬಹುದು. ನಾಲ್ಕರಿಂದ ಎಂಟು ವಾರ ಕಾಯುತ್ತಾರೆ.

ಇದರ ಜೊತೆಗೆ ಕೊಟ್ರಿಮಾಕ್ಸಜೋಲ್ ಮಾತ್ರೆಯೂ ಇರುತ್ತದೆ. ಅದು ಕ್ಷಯಕ್ಕಲ್ಲ, ಬೇರೆ ಸೋಂಕುಗಳು ಬರದಂತೆ ತಡೆಯಲು. ‘ಮಾತ್ರೆ ಜಾಸ್ತಿಯಾಯಿತು’ ಎಂದು ಜನ ಮೊದಲು ಬಿಡುವುದು ಇದನ್ನೇ. ಬಿಡಬೇಡಿ.

ಹೆಜ್ಜೆ 6: ಮೊದಲ ಕೆಲವು ತಿಂಗಳ ಕಾವಲು

ಮೂತ್ರ, ಬೆವರು, ಕಣ್ಣೀರು ಕಿತ್ತಳೆ ಬಣ್ಣಕ್ಕೆ ತಿರುಗುವುದು ರಿಫಾಂಪಿಸಿನ್‌ನ ಗುರುತು. ಹೆದರುವಂಥದ್ದಲ್ಲ. ಹೆದರಬೇಕಾದದ್ದು ಕಣ್ಣು ಹಳದಿಯಾಗುವುದು, ಊಟ ಕಂಡರೆ ಓಕರಿಕೆ, ಬಿಡದ ವಾಂತಿ, ಬಲಪಕ್ಕೆಯ ಕೆಳಗೆ ನೋವು, ಚಹಾದಂತೆ ಕಪ್ಪಾದ ಮೂತ್ರ. ಇದು ಯಕೃತ್ತಿನ ದೂರು. ಅಂದೇ ವೈದ್ಯರನ್ನು ಕಾಣಿ. ಕಾಮಾಲೆ ಎಂದು ನಾಟಿ ಔಷಧ ಕುಡಿದು ದಿನ ಕಳೆಯಬೇಡಿ. ಮದ್ಯ ಈ ಆರು ತಿಂಗಳು ಬೇಡವೇ ಬೇಡ.

ಪಾದ ಉರಿ, ಜೋಮು ಐಸೋನಿಯಜಿಡ್‌ನಿಂದ ಬರುತ್ತದೆ. ಅದನ್ನು ತಡೆಯಲು ಬಿ6 ವಿಟಮಿನ್, ಸಾಮಾನ್ಯವಾಗಿ ದಿನಕ್ಕೆ 10ರಿಂದ 25 ಮಿಲಿಗ್ರಾಂ, ಮೊದಲ ದಿನದಿಂದಲೇ ಇರಬೇಕು. ಕೀಲುನೋವು ಪೈರಾಜಿನಮೈಡ್‌ನದು. ಕೆಂಪು ಹಸಿರು ಬಣ್ಣಗಳ ವ್ಯತ್ಯಾಸ ಮಸುಕಾದರೆ, ಅಕ್ಷರ ಮಂಜಾದರೆ ಎಥಾಂಬ್ಯುಟಾಲ್ ನಿಲ್ಲಿಸಬೇಕಾಗಬಹುದು, ಕೂಡಲೇ ತಿಳಿಸಿ. ಮೈಮೇಲೆ ಗಂದೆಯೆದ್ದು ಬಾಯಿ, ಕಣ್ಣು ಹುಣ್ಣಾದರೆ ತುರ್ತು ಎಂದು ತಿಳಿಯಿರಿ.

ಇನ್ನು ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವ ಸಂಗತಿ. ಎಆರ್‌ಟಿ ಶುರುವಾಗಿ ಕೆಲವು ವಾರಗಳಲ್ಲಿ, ಹೆಚ್ಚಾಗಿ ಮೊದಲ ಮೂರು ತಿಂಗಳೊಳಗೆ, ಚೇತರಿಸಿಕೊಳ್ಳುತ್ತಿದ್ದವರಿಗೆ ಇದ್ದಕ್ಕಿದ್ದಂತೆ ಜ್ವರ ಮರಳುತ್ತದೆ, ಕುತ್ತಿಗೆಯ ಗಂಟು ಊದಿಕೊಳ್ಳುತ್ತದೆ, ಏದುಸಿರು ಹೆಚ್ಚುತ್ತದೆ. ಮನೆಯವರು ‘ಔಷಧ ಮೈಗೆ ಹಿಡಿಯಲಿಲ್ಲ’ ಎನ್ನುತ್ತಾರೆ. ಆಗುತ್ತಿರುವುದು ಅದರ ತದ್ವಿರುದ್ಧ. ಸೋತು ಮಲಗಿದ್ದ ರೋಗನಿರೋಧಕ ಶಕ್ತಿ ಎದ್ದು, ಅಳಿದುಳಿದ ಬ್ಯಾಕ್ಟೀರಿಯಾದ ಮೇಲೆ ಒಮ್ಮೆಲೇ ಮುಗಿಬೀಳುತ್ತದೆ. ಆ ಉರಿಯೂತವೇ ಈ ತೊಂದರೆ. ಇದಕ್ಕೆ ಐರಿಸ್ ಎನ್ನುತ್ತಾರೆ. ಸಿಡಿ4 ಎಣಿಕೆ ತೀರಾ ಕಡಿಮೆ ಇದ್ದವರಲ್ಲಿ ಹೆಚ್ಚು. ಔಷಧ ನಿರೋಧ, ಮಾತ್ರೆ ತಪ್ಪಿಸಿದ್ದು, ಬೇರೆ ಸೋಂಕು ಇವು ಕಾರಣವಲ್ಲವೆಂದು ವೈದ್ಯರು ಮೊದಲು ನೋಡಬೇಕು. ನೀವು ಮಾಡಬೇಕಾದದ್ದು: ಎರಡೂ ಔಷಧಗಳಲ್ಲಿ ಯಾವುದನ್ನೂ ನಿಲ್ಲಿಸದೆ ಆಸ್ಪತ್ರೆಗೆ ಹೋಗುವುದು. ಬೇಕಾದವರಿಗೆ ಕೆಲವು ವಾರ ಸ್ಟೀರಾಯ್ಡ್ ಕೊಡುತ್ತಾರೆ. ಸಿಡಿ4 ಎಣಿಕೆ 100 ಅಥವಾ ಅದಕ್ಕಿಂತ ಕಡಿಮೆ ಇರುವವರಿಗೆ ಎಆರ್‌ಟಿ ಜೊತೆಗೇ ನಾಲ್ಕು ವಾರ ಪ್ರೆಡ್ನಿಸೋನ್ ಕೊಟ್ಟರೆ ಐರಿಸ್ ಶೇ 30ರಷ್ಟು ತಗ್ಗುತ್ತದೆ ಎಂದು 2018ರಲ್ಲಿ ಪ್ರಕಟವಾದ ದಕ್ಷಿಣ ಆಫ್ರಿಕಾದ ಅಧ್ಯಯನ ತೋರಿಸಿದೆ. ಆದರೆ ಕಪೋಸಿ ಸಾರ್ಕೋಮಾ ಎಂಬ ಕ್ಯಾನ್ಸರ್ ಇರುವವರಿಗೆ ಇದೇ ಸ್ಟೀರಾಯ್ಡ್ ಕೇಡು ಮಾಡುತ್ತದೆ. ಅಂಗಡಿಯಿಂದ ತಂದು ನುಂಗುವ ಮಾತ್ರೆಯಲ್ಲ ಇದು.

ಹೆಜ್ಜೆ 7: ಮನೆ, ಗಾಳಿ, ಗುಟ್ಟು

ಶ್ವಾಸಕೋಶದ ಕ್ಷಯ ಗಾಳಿಯಿಂದ ಹರಡುತ್ತದೆ. ತಟ್ಟೆ, ಲೋಟ, ಬಟ್ಟೆ, ಹಸ್ತಲಾಘವದಿಂದಲ್ಲ. ಆದ್ದರಿಂದ ಪಾತ್ರೆ ಬೇರೆ ಇಡುವುದು ಅವಮಾನವೇ ಹೊರತು ಎಚ್ಚರಿಕೆಯಲ್ಲ. ಕಿಟಕಿ ತೆರೆದಿಡಿ, ಮೊದಲ ವಾರಗಳಲ್ಲಿ ಬೇರೆ ಕೋಣೆಯಲ್ಲಿ ಮಲಗಿ, ಜನರ ನಡುವೆ ಮಾಸ್ಕ್ ಧರಿಸಿ. ಸರಿಯಾದ ಔಷಧ ಶುರುವಾದ ಮೇಲೆ ಹರಡುವಿಕೆ ಬೇಗ ಇಳಿಯುತ್ತದೆ. ಕುತ್ತಿಗೆ ಗಂಟಿನ ಕ್ಷಯ ಮಾತ್ರ ಇದ್ದರೆ ಅದು ಇತರರಿಗೆ ಹರಡುವುದೇ ಇಲ್ಲ. ಎಆರ್‌ಟಿ ಕೇಂದ್ರದ ಸಾಲಿನಲ್ಲಿ ಯಾರಾದರೂ ಕೆಮ್ಮುತ್ತಿದ್ದರೆ ಅವರನ್ನು ಮೊದಲು ಒಳಗೆ ಬಿಡಿ ಎಂದು ಸಿಬ್ಬಂದಿಗೆ ಹೇಳಿ. ಮುಚ್ಚಿದ ಕೋಣೆಯಲ್ಲಿ ಕಾಯುವುದಕ್ಕಿಂತ ಹೊರಗೆ ಕಾಯುವುದು ಮೇಲು.

ಮನೆಯ ಎಲ್ಲರೂ ಕ್ಷಯದ ತಪಾಸಣೆ ಮಾಡಿಸಿಕೊಳ್ಳಬೇಕು. ಐದು ವರ್ಷದೊಳಗಿನ ಮಕ್ಕಳಿಗೆ ಕಾಯಿಲೆ ಇಲ್ಲವೆಂದಾದರೆ ತಡೆಗಟ್ಟುವ ಔಷಧ ಕೊಡಿಸಿ. ಇದಕ್ಕಾಗಿ ನಿಮ್ಮ ಎಚ್‌ಐವಿ ವಿಷಯವನ್ನು ಎಲ್ಲರ ಮುಂದೆ ಹೇಳಬೇಕಿಲ್ಲ. ಕ್ಷಯದ ಮಾತು ಆಡಿದರೆ ಸಾಕು. ಸಂಗಾತಿಗೆ ಎಚ್‌ಐವಿ ಪರೀಕ್ಷೆ ಮಾಡಿಸುವ ವಿಷಯ ಬೇರೆ, ಅದನ್ನು ಆಪ್ತಸಮಾಲೋಚಕರ ನೆರವಿನಿಂದ ನಿಧಾನವಾಗಿ ಮಾಡಬಹುದು.

ಔಷಧ ಮುಗಿದ ಮೇಲೆ

ಎರಡನೇ ತಿಂಗಳ ಕೊನೆಗೆ, ಐದನೇ ತಿಂಗಳಿಗೆ ಮತ್ತು ಚಿಕಿತ್ಸೆ ಮುಗಿಯುವಾಗ ಕಫ ಪರೀಕ್ಷೆ ಇರುತ್ತದೆ. ರಕ್ತದಲ್ಲಿ ಎಚ್‌ಐವಿ ಎಷ್ಟಿದೆ ಎಂದು ಅಳೆಯುವ ವೈರಲ್ ಲೋಡ್ ಪರೀಕ್ಷೆಯನ್ನೂ ಮರೆಯಬೇಡಿ. ರಿಫಾಂಪಿಸಿನ್ ಎಆರ್‌ಟಿಯನ್ನು ಕುಗ್ಗಿಸಿತೇ ಎಂಬುದು ಅದರಲ್ಲೇ ತಿಳಿಯುವುದು. ಕ್ಷಯ ವಾಸಿಯಾದ ಎಚ್‌ಐವಿ ಬಾಧಿತರಿಗೂ ಮತ್ತೆ ಬರದಂತೆ ತಡೆಗಟ್ಟುವ ಔಷಧ ಕೊಡುವುದುಂಟು, ಕೊನೆಯ ಭೇಟಿಯಲ್ಲಿ ಕೇಳಿ.

ಕೆಲವರಿಗೆ ಶ್ವಾಸಕೋಶದಲ್ಲಿ ಕಲೆ ಉಳಿದು, ಮೆಟ್ಟಿಲೇರುವಾಗ ದಮ್ಮು ಕಟ್ಟುತ್ತದೆ. ಅದು ಕ್ಷಯ ಮರಳಿದ್ದರಿಂದಲೇ ಆಗಬೇಕೆಂದಿಲ್ಲ. ಮತ್ತೆ ಪರೀಕ್ಷೆ ಮಾಡುವಾಗ ಹಿಂದೊಮ್ಮೆ ಚಿಕಿತ್ಸೆಯಾಗಿತ್ತು ಎಂದು ತಪ್ಪದೆ ತಿಳಿಸಿ. ಡಿಎನ್‌ಎ ಪರೀಕ್ಷೆಗೆ ಸತ್ತ ಬ್ಯಾಕ್ಟೀರಿಯಾದ ಅವಶೇಷವೂ ಬ್ಯಾಕ್ಟೀರಿಯಾವೇ. ಹಾಗಾಗಿ ವಾಸಿಯಾದವರಲ್ಲೂ ಕೆಲವು ಕಾಲ ಅದು ‘ಇದೆ’ ಎಂದು ತೋರಿಸಬಹುದು. ಅಂಥ ಸಂದರ್ಭದಲ್ಲಿ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಬೇಕು. ಅದಕ್ಕೆ ಕೆಲವು ವಾರ ಹಿಡಿಯುತ್ತದೆ.